ಶುಕ್ರ ಎದುರಿಗಿದ್ದಾನೆ

ಲಿಂಗಸುಗೂರು
18 ಮಾರ್ಚ್ 1956

ಸೌ. ಕಸ್ತೂರಿಗೆ,

ಮೊದಲು ಆಶೀರ್ವಾದ ಎಂದು ಬರೆಯಬೇಕಂತೆ. ನಮ್ಮ ಹೆಡ್‌ಮಾಸ್ತರರು ಹಾಗೆ ಹೇಳಿದರು. ನಿನಗಿಂತ ಐದೇ ವರ್ಷ ದೊಡ್ಡವನು ಆಶೀರ್ವಾದ ಮಾಡುವುದು ಹೇಗೆಂದು ತಿಳಿಯದೆ ಮೂರು ಹಾಳೆ ಹರಿದೆ. ಇದು ನಾಲ್ಕನೆಯದು.

ಮದುವೆಯ ರಜೆ ಮುಗಿಸಿ ಬಂದು ಹದಿನೈದು ದಿನವಾಯಿತು. ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ ಹಿಡಿದಿದ್ದೇನೆ. ಅಂಗಳದಲ್ಲಿ ಒಂದು ನುಗ್ಗೆಯ ಗಿಡ ಇದೆ. ಬಾವಿ ಹತ್ತಿರ. ನಿನ್ನೆ ಸಂತೆಯಲ್ಲಿ ಒಂದು ತಾಟು ಕೊಳ್ಳಲು ಹೋದವನು ಎರಡು ಕೊಂಡು ಬಂದೆ.

ಶಾಲೆಯಲ್ಲಿ ಒಂದು ಫಜೀತಿ ಆಗಿದೆ. ವಿಜ್ಞಾನದ ಮಾಸ್ತರರಿಗೆ ರಾಯಚೂರಿಗೆ ವರ್ಗವಾಯಿತು. ಬಿ.ಎ.ಯಲ್ಲಿ ಕನ್ನಡ ಓದಿದ ನನಗೆ ಅವರ ತರಗತಿಯನ್ನೂ ಕೊಟ್ಟಿದ್ದಾರೆ. ಹಳಗನ್ನಡದ ವ್ಯಾಕರಣ ಬಿಟ್ಟು ಈಗ ಸೂರ್ಯಮಂಡಲ ಓದುತ್ತಿದ್ದೇನೆ.

ಒಂದು ಮಾತು. ಅಕ್ಷತೆ ಬೀಳುವಾಗ ಒಂದು ಕಾಳು ನಿನ್ನ ರೆಪ್ಪೆಯ ಮೇಲೆ ನಿಂತಿತ್ತು. ನೀನು ಕಣ್ಣು ಮಿಟುಕಿಸಲಿಲ್ಲ. ತೆಗೆಯೋಣವೆಂದು ನನ್ನ ಕೈ ಎದ್ದಿತ್ತು. ಅಷ್ಟರಲ್ಲಿ ಯಾರೋ ಬಾಸಿಂಗ ಸರಿಮಾಡಿದರು. ಆ ಕಾಳು ಎಲ್ಲಿ ಹೋಯಿತೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ನಿನ್ನನ್ನು ಮನೆ ತುಂಬಿಸಿಕೊಳ್ಳಲು ಯಾವ ದಿನ ಒಳ್ಳೆಯದೆಂದು ತಾತನವರನ್ನು ಕೇಳಿ ತಿಳಿಸು.

ಇತಿ,
ಹಂಪಣ್ಣ


ಸಿಂಧನೂರು
26 ಮಾರ್ಚ್ 1956

ಲಿಂಗಸುಗೂರಿನವರಿಗೆ ಶರಣು.

ನಿಮ್ಮ ಕಾಗದ ಬಂತು. ಬಂದದ್ದು ಅಂಗಡಿಗೆ, ತಾತನ ಕೈಗೆ. ಈ ಮನೆಗೆ ಬಂದ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದು ನಮ್ಮ ಪದ್ಧತಿ. ನಾನು ಏಳನೆಯ ಜಮಾತಿನವರೆಗೆ ಓದಿದವಳಾದ್ದರಿಂದ ಓದುವ ಕೆಲಸ ನನ್ನದೇ. ಎರಡು ತಾಟಿನವರೆಗೆ ಚೆನ್ನಾಗಿ ಓದಿದೆ. ರೆಪ್ಪೆಯ ಮಾತು ಕಂಡು ಕೆಮ್ಮು ಬಂದಂತೆ ಮಾಡಿ ದಾಟಿಸಿಬಿಟ್ಟೆ. ತಾತ ಕಾಗದವನ್ನೇ ನೋಡುತ್ತಿದ್ದ.

"ಏನಬೇ, ನಾಕು ಸಾಲು ಜಿಗದು ಹೋದೆಲ್ಲ?"

"ಶಾಯಿ ಚೆಲ್ಲೈತಿ ತಾತಾ."

ಬೆನ್ನ ಹಿಂದೆ ಸಂಗಮ್ಮತ್ತೆ ನಿಂತಿದ್ದಳು. ಅವಳಿಗೂ ಓದಲು ಬರುತ್ತದೆ. "ಹೌದಪಾ, ಭಾಳ ಚೆಲ್ಲೈತಿ" ಎಂದು ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಆದ್ದರಿಂದ ಇನ್ನು ನೀವು ಬರೆಯುವಾಗ ಕಿರಾಣಿ ಅಂಗಡಿಯಲ್ಲಿ ಹತ್ತು ಮಂದಿಯ ಮುಂದೆ ಮಾತಾಡುತ್ತಿದ್ದೀರಿ ಎಂದುಕೊಳ್ಳಿರಿ. ನನ್ನ ಕಾಗದವನ್ನು ಮಾತ್ರ ಯಾರೂ ನೋಡುವುದಿಲ್ಲ. ಅತ್ತೆಯೇ ಟಪಾಲಿನ ಡಬ್ಬಿಗೆ ಹಾಕಿ ಬರುತ್ತಾಳೆ.

ದಿನ ಕೇಳಿದಿರಿ. ತಾತ ಒಂದೇ ಮಾತು ಹೇಳಿದ. "ಶುಕ್ರ ಎದುರಿಗದಾನ. ಕೂಸನ್ನ ಕಳಸಂಗಿಲ್ಲ."

ಸಾಯಂಕಾಲ ಪಡುವಣದಲ್ಲಿ ಥಳಥಳ ಹೊಳೆಯುತ್ತದಲ್ಲ, ಅವನೇ. ಲಿಂಗಸುಗೂರು ನಮಗೆ ಪಡುವಣ ಬಡಗು. ಹೊಸ ಮದುಮಗಳು ಶುಕ್ರನಿಗೆ ಮುಖ ಮಾಡಿ ಗಂಡನ ಮನೆಗೆ ಹೋಗಬಾರದು. ಅವನು ಬೆನ್ನಿಗೆ ಬರುವವರೆಗೆ ಕಾಯಬೇಕು.

ನಕ್ಕುಬಿಡಬೇಡಿರಿ. ಸಂಗಮ್ಮತ್ತೆ ತಾತನ ಒಬ್ಬಳೇ ಮಗಳು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಇಂಥದೇ ಬೇಸಿಗೆಯಲ್ಲಿ, ಅವಳನ್ನು ಸಂತೆಕಲ್ಲೂರಿಗೆ ಕಳಿಸಿದರು. ಬೀಗರು ಅವಸರ ಮಾಡಿದ್ದರು. ಶುಕ್ರ ಎದುರಿಗಿದ್ದರೂ ತಾತ ಬಂಡಿ ಹೂಡಿಸಿದ. ವರ್ಷ ತುಂಬುವುದರೊಳಗೆ ಅತ್ತೆ ಬಳೆ ಇಲ್ಲದ ಕೈಯಲ್ಲಿ ತಿರುಗಿ ಬಂದಳು. ಆಮೇಲೆ ಸಿಂಧನೂರು ದಾಟಿ ಪಡುವಣಕ್ಕೆ ಹೋಗಿಲ್ಲ. ಅಪ್ಪ ಅವ್ವ ಮುಕ್ಕುಂದದ ಗದ್ದೆಯಲ್ಲಿರುತ್ತಾರೆ. ನನ್ನನ್ನು ಬೆಳೆಸಿದವರು ತಾತ ಮತ್ತು ಅತ್ತೆ. ತಾತನ ಮಾತು ಮೀರಿ ನಾನು ಹೊಸಿಲು ದಾಟುವವಳಲ್ಲ.

ಆದರೆ ಅವನು ಎಂದು ಬೆನ್ನಿಗೆ ಬರುತ್ತಾನೆಂದು ನಿಮ್ಮ ಪುಸ್ತಕದಲ್ಲಿ ಇದ್ದೀತು. ನೋಡಿ ಬರೆಯಿರಿ.

ಕಾಳು ಕಳೆದಿಲ್ಲ.

ಇತಿ,
ಕಸ್ತೂರಿ


ಲಿಂಗಸುಗೂರು
8 ಏಪ್ರಿಲ್ 1956

ಸೌ. ಕಸ್ತೂರಿಗೆ ಆಶೀರ್ವಾದ. ಪೂಜ್ಯ ತಾತನವರಿಗೂ ಸಂಗಮ್ಮನವರಿಗೂ ಅಂಗಡಿಗೆ ಬಂದ ಹಿರಿಯರಿಗೂ ನಮಸ್ಕಾರ.

ಶಾಲೆಯಲ್ಲಿ ಶುಕ್ರಗ್ರಹದ ಪಾಠ ಬಂದಿದೆ. ಓದಿ ತಿಳಿದಷ್ಟನ್ನು ಬರೆಯುತ್ತೇನೆ.

ನಾವು ಅವನನ್ನು ಚುಕ್ಕೆ ಎನ್ನುತ್ತೇವೆ. ಆದರೆ ಅವನಿಗೆ ಸ್ವಂತ ಬೆಳಕಿಲ್ಲ. ನಮ್ಮ ಭೂಮಿಯ ಹಾಗೆ ಕಲ್ಲುನೆಲದ ಉಂಡೆ. ಸೂರ್ಯನಿಂದ ಎಣಿಸಿದರೆ ಅವನು ಎರಡನೆಯವನು, ನಾವು ಮೂರನೆಯವರು. ಬೇರೆ ಯಾವ ಗ್ರಹವೂ ನಮಗೆ ಇಷ್ಟು ಹತ್ತಿರ ಬರುವುದಿಲ್ಲ. ಅಳತೆಯಲ್ಲಿಯೂ ಇಬ್ಬರೂ ಹೆಚ್ಚುಕಡಿಮೆ ಸಮ. ತೂಕದಲ್ಲಿ ಮಾತ್ರ ಅವನು ಹದಿನಾರಾಣೆಗೆ ಹದಿಮೂರಾಣೆ.

ಅವನ ಒಂದು ವರ್ಷ ನಮಗೆ ಇನ್ನೂರಿಪ್ಪತ್ತೈದು ದಿನ. ಅವನ ದಾರಿ ನಮ್ಮ ದಾರಿಯ ಒಳಗಡೆ ಇರುವುದರಿಂದ ಸೂರ್ಯನನ್ನು ಬಿಟ್ಟು ದೂರ ಹೋಗಲಾರ. ಎಂಟು ತಿಂಗಳು ಸಂಜೆ ಪಡುವಣದಲ್ಲಿ ಕಾಣುತ್ತಾನೆ. ಆಮೇಲೆ ನಮಗೂ ಸೂರ್ಯನಿಗೂ ನಡುವೆ ಬಂದು ಕೆಲವು ದಿನ ಮಾಯವಾಗಿ, ಬೆಳಗಿನ ಜಾವ ಮೂಡಣದಲ್ಲಿ ಏಳುತ್ತಾನೆ. ಬಂಡಿ ಹೂಡುವವರು ನೋಡುವ ಬೆಳ್ಳಿ ಚುಕ್ಕೆಯೂ ಅವನೇ.

ಇನ್ನೊಂದು ಸೋಜಿಗ. ಎಂಟು ವರ್ಷಕ್ಕೊಮ್ಮೆ ಅವನು ಹೆಚ್ಚುಕಡಿಮೆ ಅದೇ ತಾರೀಖಿಗೆ ಅದೇ ಜಾಗಕ್ಕೆ ಬರುತ್ತಾನೆ. ತಾತನವರು ಹಳೆಯ ಪಂಚಾಂಗ ಇಟ್ಟಿದ್ದರೆ 1948ರದನ್ನು ತೆಗೆಸಿ ನೋಡಬೇಕು. ನನ್ನ ಲೆಕ್ಕ ಸರಿಯಿದ್ದರೆ ಈ ಸಲ ಜೂನ್ ನಡುವೆ ಪಡುವಣದಲ್ಲಿ ಮುಳುಗಿ, ತಿಂಗಳ ಕೊನೆಗೆ ಮೂಡಣದಲ್ಲಿ ಕಾಣಬೇಕು. ಆಷಾಢ ಹಿಡಿಯುವುದು ಜುಲೈ ಒಂಬತ್ತಕ್ಕೆ. ನಡುವೆ ಹತ್ತು ದಿನ ಉಳಿಯುತ್ತದೆ.

ಬೇಸಿಗೆಯಲ್ಲಿ ಗುಲ್ಬರ್ಗದಲ್ಲಿ ಮಾಸ್ತರರಿಗೆ ತರಬೇತಿ ಇದೆ. ಬರಲಾಗುವುದಿಲ್ಲ. ತಾಟುಗಳನ್ನು ತೊಳೆದು ಮಾಡದಲ್ಲಿ ಇಟ್ಟಿದ್ದೇನೆ.

ಇತಿ,
ಹಂಪಣ್ಣ


ಸಿಂಧನೂರು
20 ಮೇ 1956

ಲಿಂಗಸುಗೂರಿನವರಿಗೆ ಶರಣು.

ನಿಮ್ಮ ಕಾಗದಕ್ಕೆ ಈ ಊರಲ್ಲಿ ಎಷ್ಟು ಬೆಲೆ ಬಂದಿದೆ ಎಂದು ನಿಮಗೆ ಗೊತ್ತಿಲ್ಲ. ತಾತ ಮೂರು ಸಲ ಓದಿಸಿದ. ಸಜ್ಜೆ ಕೊಳ್ಳಲು ಬಂದವರನ್ನೂ ಕೂಡಿಸಿಕೊಂಡು, "ನಮ್ಮ ಅಳಿಯ ಬರದಾನ, ಕೇಳ್ರಿ. ಶುಕ್ರ ತೂಕದಾಗ ಹದಿಮೂರಾಣೆ ಅಂತ" ಎನ್ನುತ್ತಾನೆ. "ಯಾವ ತಕ್ಕಡ್ಯಾಗ ತೂಗಿದ್ರಪಾ?" ಎಂದು ಒಬ್ಬ ಕೇಳಿದ. ಅದನ್ನು ನಿಮ್ಮನ್ನೇ ಕೇಳಬೇಕಂತೆ.

ತೊಲೆಗೆ ಕಟ್ಟಿದ್ದ ಹಳೆಯ ಪಂಚಾಂಗಗಳನ್ನು ನಾನೇ ಇಳಿಸಿದೆ. 1948ರದು ಇತ್ತು. ಜೂನ್‌ನಲ್ಲಿ ಅಸ್ತ, ಅದೇ ತಿಂಗಳ ಕೊನೆಗೆ ಉದಯ. ನಿಮ್ಮ ಲೆಕ್ಕ ಸರಿ. ಆದರೆ ತಾತ ಇನ್ನೊಂದು ಲೆಕ್ಕ ಹಾಕಿದ. ಎಂಟು ಮೂರಲೆ ಇಪ್ಪತ್ತನಾಲ್ಕು. ಅತ್ತೆಯನ್ನು ಕಳಿಸಿದ ವರ್ಷದ ಆಕಾಶವೂ ಇದೇ ಆಕಾಶ. ಅದು ತಿಳಿದ ಮೇಲೆ ಅವನ ಹೆದರಿಕೆ ಹೆಚ್ಚಾಗಿದೆ. "ಪಂಚಾಂಗ ಸೊಲ್ಲಾಪುರದಾಗ ಕುಂತು ಬರೀತಾರ. ನಮ್ಮ ಸಿಂಧನೂರ ಆಕಾಶ ಅವರಿಗೇನು ಗೊತ್ತು? ಪಡುವಣದಾಗ ಅವ ಇಲ್ಲ ಅನ್ನೋದನ್ನ ನಾನಽ ನೋಡಬೇಕು" ಎನ್ನುತ್ತಾನೆ. ಅವನ ಕಣ್ಣಿಗೆ ಪೊರೆ ಬಂದಿದೆ. ಅದನ್ನು ಯಾರೂ ಹೇಳುವಂತಿಲ್ಲ.

ಇನ್ನು ನನ್ನ ಸುದ್ದಿ. ಕಾಲುವೆ ಸರ್ವೆಯ ಓವರ್‌ಸೀಯರ್ ದಸ್ತಗೀರ್‌ಸಾಬ್ ಅಂಗಡಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದಾರೆ. ಅವರ ಹತ್ತಿರ ಮೂರು ಕಾಲಿನ ಮೇಲೆ ನಿಲ್ಲಿಸುವ ದುರ್ಬೀನು ಇದೆ. ಅದರಲ್ಲಿ ನೋಡಿದರೆ ಮನುಷ್ಯರು ತಲೆ ಕೆಳಗಾಗಿ ನಡೆಯುತ್ತಾರೆ. ನಿನ್ನೆ ಸಂಜೆ ಮಾಳಿಗೆಯ ಮೇಲೆ ಅದನ್ನು ಶುಕ್ರನ ಕಡೆ ತಿರುಗಿಸಿ, "ನೋಡ್ರೀ ಬೇಟಿ, ನಿಮ್ಮ ವೈರಿ ಇಲ್ಲಿ ಅದಾನ" ಎಂದರು.

ಚುಕ್ಕೆ ಇರಲಿಲ್ಲ. ಬಿದಿಗೆಯ ಚಂದ್ರ ಇದ್ದ! ಸಣ್ಣಗೆ, ಉಗುರು ಕತ್ತರಿಸಿ ಎಸೆದಷ್ಟು. ಕಣ್ಣು ತೆಗೆದು ನೋಡಿದರೆ ಮತ್ತೆ ಚುಕ್ಕೆ. ಇದೇನು? ನೀವು ಇದನ್ನು ಬರೆದಿರಲಿಲ್ಲ.

ಇತಿ,
ಕಸ್ತೂರಿ


ಲಿಂಗಸುಗೂರು
3 ಜೂನ್ 1956

ಕಸ್ತೂರಿಗೆ, ಮತ್ತು ಎಲ್ಲರಿಗೂ,

ನಿನ್ನೆ ಗುಲ್ಬರ್ಗದಿಂದ ಬಂದಾಗ ಬಾಗಿಲ ಸಂದಿಯಲ್ಲಿ ನಿನ್ನ ಕಾಗದ ಇತ್ತು. ನಿಂತುಕೊಂಡೇ ಓದಿದೆ. ನಾನು ಪುಸ್ತಕದಲ್ಲಿ ಮಾತ್ರ ಓದಿದ್ದನ್ನು ನೀನು ಕಣ್ಣಾರೆ ನೋಡಿರುವೆ. ನಾಳೆ ಮಕ್ಕಳಿಗೆ ಹೇಳುವಾಗ, ಸಿಂಧನೂರಿನಲ್ಲಿ ಒಬ್ಬರು ನೋಡಿದ್ದಾರೆ ಎಂದು ಹೇಳುತ್ತೇನೆ.

ಶುಕ್ರನ ಅರ್ಧಕ್ಕೆ ಮಾತ್ರ ಬಿಸಿಲು ಬೀಳುತ್ತದೆ. ಅವನು ನಮಗೂ ಸೂರ್ಯನಿಗೂ ನಡುವೆ ಬರುತ್ತಾ ಹೋದಂತೆ ಬೆಳಗಿದ ಪಕ್ಕ ಸೂರ್ಯನ ಕಡೆ ತಿರುಗುತ್ತದೆ. ನಮಗೆ ಅಂಚು ಮಾತ್ರ ಕಾಣುತ್ತದೆ. ಚಂದ್ರನಂತೆ ಅವನಿಗೂ ವೃದ್ಧಿ ಕ್ಷಯ ಉಂಟು. ಆದರೆ ಅಂಚು ಸಣ್ಣದಾಗುವ ಹೊತ್ತಿಗೇ ಅವನು ನಮಗೆ ಬಹಳ ಹತ್ತಿರ ಬಂದಿರುತ್ತಾನೆ, ಎರಡೂವರೆ ಕೋಟಿ ಮೈಲಿ. ಅದಕ್ಕೇ ಅಷ್ಟು ಹೊಳಪು. ಮಾಯವಾಗುವ ದಿನವೇ ಎಲ್ಲಕ್ಕಿಂತ ಹತ್ತಿರ ಇರುತ್ತಾನೆ ಎಂಬುದನ್ನು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕುಳಿತೆ.

ತಕ್ಕಡಿಯ ಪ್ರಶ್ನೆಗೆ ಉತ್ತರ: ಬೇರೆ ಗ್ರಹಗಳನ್ನು ಅವನು ಎಷ್ಟು ಎಳೆಯುತ್ತಾನೆಂದು ನೋಡಿ ತೂಗುತ್ತಾರಂತೆ. ಭೂಮಿಗೆ ಒಬ್ಬ ಚಂದ್ರ ಇದ್ದಾನೆ, ಗುರುವಿಗೆ ಹನ್ನೆರಡು. ಶುಕ್ರನಿಗೆ ಒಬ್ಬನೂ ಇಲ್ಲ. ಒಂಟಿ.

ಅವನ ಮೈಯೆಲ್ಲ ದಟ್ಟ ಬಿಳಿ ಮೋಡ. ಇವತ್ತಿನವರೆಗೆ ಅವನ ನೆಲವನ್ನು ಯಾರೂ ನೋಡಿಲ್ಲ. ಗಾಳಿಯಲ್ಲಿ ನಾವು ಉಸಿರು ಬಿಡುವ ಅನಿಲವೇ ಹೆಚ್ಚು. ಒಳಗೆ ಸಮುದ್ರ ಇದೆ ಎನ್ನುವವರು ಇದ್ದಾರೆ, ಬರೀ ಧೂಳು ಎನ್ನುವವರು ಇದ್ದಾರೆ. ಬಹಳ ಕಾವಿರಬೇಕು ಎನ್ನುತ್ತಾರೆ. ಅವನ ಒಂದು ಹಗಲು ಎಷ್ಟು ಹೊತ್ತೆಂದು ಕೂಡ ತಿಳಿಯದು, ಏಕೆಂದರೆ ಮೋಡದ ಮೇಲೆ ಗುರುತು ಹಿಡಿಯಲು ಏನೂ ಇಲ್ಲ. ದೊಡ್ಡ ದೊಡ್ಡ ಪಂಡಿತರು ಗೊತ್ತಿಲ್ಲ ಎಂದು ಬರೆದದ್ದನ್ನು ಓದಿ ನನಗೆ ಧೈರ್ಯ ಬಂತು. ಹೊಳೆಯುವುದೆಲ್ಲ ಹೇಳಿಕೊಳ್ಳುತ್ತದೆ ಎಂದೇನೂ ಇಲ್ಲ.

ನಿನ್ನ ಹಂಪಣ್ಣ


ಸಿಂಧನೂರು
29 ಜೂನ್ 1956

ಲಿಂಗಸುಗೂರಿನವರಿಗೆ ಶರಣು.

ಕೊನೆಯಲ್ಲಿ "ನಿನ್ನ" ಎಂದು ಬರೆದಿದ್ದನ್ನು ನಾನು ಗಟ್ಟಿಯಾಗಿಯೇ ಓದಿದೆ. ಆದರೆ ಈಗ ಬೇರೆ ಸಂಕಟ ಬಂದಿದೆ.

ಜೂನ್ ಹತ್ತರಿಂದ ಮೋಡ. ಮಳೆ ಎರಡು ಸಲ ಬಂತು, ಮೋಡ ಮಾತ್ರ ಹದಿನೈದು ದಿನ ಕದಲಲಿಲ್ಲ. ಮೊನ್ನೆ ಸಂಜೆ ಪಡುವಣ ಬಿಚ್ಚಿತು. ತಾತ ಕೋಲು ಹಿಡಿದು ಮಾಳಿಗೆ ಹತ್ತಿದ. ನೋಡಿದರೆ ದೊಡ್ಡ ಚುಕ್ಕೆ ಒಂದು ನಿಂತಿದೆ!

"ಅಗೋ, ಕುಂತಾನ ನೋಡು ಒಕ್ಕಣ್ಣ. ಪಂಚಾಂಗನೂ ಸುಳ್ಳು, ಅಳಿಯನ ಪುಸ್ತಕನೂ ಸುಳ್ಳು."

"ಇದು ಸಣ್ಣಗೈತಿ ತಾತಾ, ಮೇಲೂ ಐತಿ" ಎಂದೆ.

"ದೂರ ಹೋಗ್ಯಾನ, ಅದಕ್ಕ ಸಣ್ಣಗೈತಿ."

ದೂರ ಹೋದರೆ ದುಂಡಗಾಗಿ ಬೆಳಗಬೇಕು, ಹತ್ತಿರ ಬಂದರೆ ಮಾಯವಾಗಬೇಕು ಎಂದು ನೀವು ಬರೆದದ್ದನ್ನು ಹೇಳಿದೆ. "ನಿನ್ನ ಗಂಡ ನಿನ್ನ ಕರಕೊಂಡು ಹೋಗಾಕ ಏನು ಬೇಕಾದ್ರೂ ಬರೀತಾನ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಮೂಡಣದಲ್ಲಿ ನೋಡೋಣವೆಂದರೆ ಬೆಳಗಿನ ಜಾವ ಪ್ರತಿದಿನ ಮೋಡ.

ಇನ್ನು ಉಳಿದ ದಿನ ಎಣಿಸಿರಿ. ಮಂಗಳವಾರ, ಶುಕ್ರವಾರ ಹೆಣ್ಣುಮಗಳನ್ನು ಹೊರಗೆ ಕಳಿಸುವುದಿಲ್ಲ. ಏಳಕ್ಕೆ ಚತುರ್ದಶಿ, ಎಂಟಕ್ಕೆ ಅಮಾವಾಸ್ಯೆ. ಗುರುವಾರ, ಐದನೆಯ ತಾರೀಖು, ಕೊನೆಯ ದಿನ. ಅದು ತಪ್ಪಿದರೆ ಆಷಾಢ. ತಾತ ಈಗ "ದೀಪಾವಳಿ ಆಗಲಿ, ನೋಡೂಣು" ಎನ್ನುತ್ತಿದ್ದಾನೆ.

ಟ್ರಂಕು ಕಟ್ಟಿಟ್ಟಿದ್ದೆ. ನಿನ್ನೆ ಅದರಿಂದ ಒಂದು ಸೀರೆ ತೆಗೆದು ಉಟ್ಟೆ. ಅತ್ತೆ ನೋಡಿ ಹೊರಗೆ ಹೋದಳು.

ಇತಿ,
ಕಸ್ತೂರಿ


ಲಿಂಗಸುಗೂರು
1 ಜುಲೈ 1956

ಕಸ್ತೂರಿಗೆ,

ಬಸ್ಸಿನ ಡ್ರೈವರ್ ಯೂನುಸನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಟಪಾಲಿಗೆ ಕಾಯುವಷ್ಟು ಹೊತ್ತಿಲ್ಲ. ದಯವಿಟ್ಟು ತಾತನವರೆದುರು ಓದು.

ತಾತನವರು ಕಂಡದ್ದು ಸುಳ್ಳಲ್ಲ. ಪಡುವಣದಲ್ಲಿ ದೊಡ್ಡ ಗ್ರಹ ಇದೆ. ನಿನ್ನೆ ನಾನೂ ನೋಡಿದೆ. ಆದರೆ ಅದು ಗುರು. ಬೇಸಿಗೆಯಲ್ಲಿ ಶುಕ್ರ ಇದ್ದಷ್ಟು ಎತ್ತರದಲ್ಲಿ, ಅವನು ಹೋದ ಮೇಲೆ ಅವನ ಜಾಗದಲ್ಲಿ ಕುಳಿತ ಹಾಗೆ ಕಾಣುತ್ತದೆ. ಯಾರಾದರೂ ಹಾಗೇ ತಿಳಿಯುತ್ತಾರೆ. ಕಲಿಸುವ ನನಗೂ ಪುಸ್ತಕ ನೋಡುವವರೆಗೆ ಅನುಮಾನವಿತ್ತು.

ಬಾಯಿಮಾತಿನಿಂದ ಇದು ತೀರುವುದಿಲ್ಲ. ದಸ್ತಗೀರ್‌ಸಾಬರ ದುರ್ಬೀನಿನಲ್ಲಿ ನೋಡಿಸು. ಶುಕ್ರನಾದರೆ ಕೋಡು ಇರಬೇಕು, ಪಕ್ಕದಲ್ಲಿ ಏನೂ ಇರಬಾರದು. ಗುರುವಾದರೆ ದುಂಡಗೆ ಇದ್ದು, ಅಕ್ಕಪಕ್ಕ ಒಂದೇ ಗೆರೆಯ ಮೇಲೆ ಸಣ್ಣ ಚಂದ್ರರು ಎರಡೋ ಮೂರೋ ನಾಲ್ಕೋ ಕಾಣಬೇಕು.

ಏನು ಕಂಡರೂ ತಾತನವರ ತೀರ್ಮಾನವೇ ಸರಿ. ನಾನು ಕಾಯುತ್ತೇನೆ. ಅವಸರದ ಬೀಗನಾಗಲು ನನಗೆ ಇಷ್ಟವಿಲ್ಲ.

ನಿನ್ನ ಹಂಪಣ್ಣ


ಸಿಂಧನೂರು
4 ಜುಲೈ 1956

ಲಿಂಗಸುಗೂರಿನವರಿಗೆ ಶರಣು.

ದಸ್ತಗೀರ್‌ಸಾಬ್ ಈಗ ಜೀಪಿನಲ್ಲಿ ಲಿಂಗಸುಗೂರಿಗೆ ಹೊರಟಿದ್ದಾರೆ. ಅವರು ಹೊರಗೆ ಕಾಯುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಮಾಳಿಗೆಯ ಮೇಲೆ ದುರ್ಬೀನು ನಿಲ್ಲಿಸಿದರು. ಮೊದಲು ತಾತ ನೋಡಿದ.

"ಏನು ಕಂಡ್ತ್ರೀ ಸಾವಕಾರ್ರ?"

"ಬೆಣ್ಣಿ ಉಂಡಿ ಕಂಡ್ತು. ಶುಕ್ರನಽ."

ಆಮೇಲೆ ನಾನು ನೋಡಿದೆ. ದುಂಡಗಿತ್ತು. ಒಂದು ಪಕ್ಕ ಎರಡು, ಇನ್ನೊಂದು ಪಕ್ಕ ಒಂದು, ಸೂಜಿಯ ಮೊನೆಯಷ್ಟು ಚುಕ್ಕೆ. ಹೇಳಿದೆ. ತಾತ ತಲೆ ಅಲ್ಲಾಡಿಸಿದ. "ನೀ ಹೋಗಾಕ ಕಾಲು ಮುಂದ ಇಟ್ಟಾಕಿ. ನಿನ್ನ ಸಾಕ್ಷಿ ಬ್ಯಾಡ. ಸಂಗೀ, ನೀ ನೋಡಬೇ."

ಅತ್ತೆ ಮೆಟ್ಟಿಲ ಹತ್ತಿರವೇ ನಿಂತಿದ್ದಳು. ಅವಳು ಪಡುವಣದ ಕಡೆ ಮುಖವೆತ್ತಿ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬಂದು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಕೆಳಗೆ ಓಣಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

"ಮೂರು ಅದಾವಪಾ. ಗೆರಿ ಹಾಕಿ ಇಟ್ಟಂಗ. ಕೋಡು ಇಲ್ಲ. ಇದು ಗುರು."

ಅವಳು ದುರ್ಬೀನಿನಿಂದ ಕಣ್ಣು ತೆಗೆಯದೆಯೇ ಮಾತು ಮುಂದುವರಿಸಿದಳು.

"ಅಪ್ಪಾ, ಅವರು ಸತ್ತಿದ್ದು ವಾಂತಿಭೇದಿಗೆ. ಆ ವರ್ಷ ಸಂತೆಕಲ್ಲೂರಾಗ ಹದಿನಾಕು ಮಂದಿ ಹೋದ್ರು. ಹದಿನಾಕು ಮನಿ ಹೆಣ್ಮಕ್ಕಳೂ ಶುಕ್ರನ್ನ ಎದುರು ಹಾಕ್ಕೊಂಡು ಬಂದಿದ್ರೇನು? ನೀ ಬಂಡಿ ಹೂಡಿಸಿದ್ದಕ್ಕ ಏನೂ ಆಗಿಲ್ಲ. ಅವರಿದ್ದ ಹನ್ನೊಂದು ತಿಂಗಳು ನಾ ಭಾಳ ಚೆಂದ ಇದ್ದೆ. ಅದನ್ನ ಮಾತ್ರ ಈ ಮನ್ಯಾಗ ಯಾರೂ ಕೇಳಲಿಲ್ಲ."

ತಾತ ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದ. ಎರಡು ಸಲ ಒರೆಸಿದ. ಆಮೇಲೆ ದಸ್ತಗೀರ್‌ಸಾಬರನ್ನು ಕೇಳಿದ. "ಸಾಹೇಬ್ರ, ಗುರು ಎದುರಿಗಿದ್ರ ಚಲೋ ಅಲ್ಲೇನ್ರಿ?"

"ಗುರುವಾರ, ಗುರು ಎದುರಿಗೆ. ಇನ್ನೇನು ಬೇಕ್ರೀ?"

"ಹಂಗಾರ ಬುತ್ತಿ ಕಟ್ಟಬೇ ಸಂಗೀ."

ನಾಳೆ ಮುಂಜಾನೆಯ ಬಸ್ಸು. ಅಪ್ಪ ಅವ್ವ ಮುಕ್ಕುಂದದಿಂದ ರಾತ್ರಿಗೆ ಬರುತ್ತಾರೆ. ಅಪ್ಪ ನನ್ನ ಸಂಗಡ ಬರುತ್ತಾನೆ. ಮಸ್ಕಿಯಲ್ಲಿ ಬಸ್ಸು ಅರ್ಧ ತಾಸು ನಿಲ್ಲುತ್ತದಂತೆ. ನಿಮ್ಮ ಅವ್ವನವರು ಅಲ್ಲೇ ಇರುವುದರಿಂದ ನೀವೂ ಅಲ್ಲಿಗೆ ಬಂದರೆ ಚೆನ್ನಾಗಿರುತ್ತದೆ. ಬರುತ್ತೀರಿ ಎಂದು ಗೊತ್ತು.

ಸಾಹೇಬರು ಕರೆಯುತ್ತಿದ್ದಾರೆ.

ನಿಮ್ಮ ಕಸ್ತೂರಿ


ಲಿಂಗಸುಗೂರು
8 ಜುಲೈ 1956

ಪೂಜ್ಯ ತಾತನವರ ಸನ್ನಿಧಿಗೆ ಹಂಪಣ್ಣನ ಸಾಷ್ಟಾಂಗ ಶರಣು.

ಎಲ್ಲರೂ ಕ್ಷೇಮವಾಗಿ ಬಂದರು. ಮಸ್ಕಿಯಲ್ಲಿ ನನ್ನ ಅವ್ವ ಬಸ್ಸಿನ ಬಾಗಿಲಲ್ಲೇ ಆರತಿ ಎತ್ತಿದಳು. ಯೂನುಸ ಇಂಜಿನ್ ಆರಿಸಿ ಇಳಿದು ನಿಂತ. ಆರತಿ ಮುಗಿಯುವವರೆಗೆ ಯಾವ ಪ್ರಯಾಣಿಕರೂ ಗೊಣಗಲಿಲ್ಲ. ಸಂಗಮ್ಮನವರ ಬುತ್ತಿಯ ಶೇಂಗಾ ಹೋಳಿಗೆಯನ್ನು ಇಡೀ ಬಸ್ಸಿಗೆ ಹಂಚಿದೆವು.

ನಿನ್ನೆ ಬೆಳಗಿನ ಜಾವ ಮೂಡಣ ಬಿಚ್ಚಿತ್ತು. ಕಸ್ತೂರಿ ನನ್ನನ್ನು ಎಬ್ಬಿಸಿದಳು. ನುಗ್ಗೆಯ ಗಿಡದ ಪಕ್ಕದಲ್ಲಿ ಶುಕ್ರ ಇದ್ದ. ಈ ಸಲ ನೂರಕ್ಕೆ ನೂರು ಅವನೇ.

ಈಗ ಒಂದು ಧರ್ಮಸಂಕಟ. ನಾಳೆ ಆಷಾಢ ಹಿಡಿಯುತ್ತದೆ. ಹೊಸ ಮದುಮಗಳು ಆಷಾಢದಲ್ಲಿ ತವರಿನಲ್ಲಿರಬೇಕು, ಕರೆದುಕೊಂಡು ಹೋಗಲು ಹದಿನೆಂಟನೆಯ ತಾರೀಖು ಬುಧವಾರ ಬರುತ್ತೇವೆಂದು ಮಾವನವರು ಹೇಳಿ ಹೋಗಿದ್ದಾರೆ. ಪದ್ಧತಿ ಮೀರುವ ಮನಸ್ಸು ನನಗಿಲ್ಲ. ಆದರೆ ಸಿಂಧನೂರು ನಮಗೆ ಮೂಡಣ ತೆಂಕು. ಶುಕ್ರ ಈಗ ಮೂಡಣದಲ್ಲಿದ್ದಾನೆ. ಹೊರಟರೆ ನೇರವಾಗಿ ಅವನಿಗೆ ಮುಖ ಮಾಡಿ ಬರಬೇಕಾಗುತ್ತದೆ. ಹೀಗೆ ಕಳಿಸಬಹುದೇ? ನನಗೆ ತಿಳಿಯದು. ನನ್ನ ಲೆಕ್ಕದ ಪ್ರಕಾರ ಅವನು ಬರುವ ಫೆಬ್ರುವರಿಯವರೆಗೆ ಅಲ್ಲೇ ಇರುತ್ತಾನೆ. ಅವ್ವ ಮಸ್ಕಿಯಲ್ಲಿರುವುದರಿಂದ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂಬ ಪ್ರಶ್ನೆಯೂ ಇಲ್ಲ.

ತಾವು ಹೇಳಿದಂತೆ ನಡೆಯುತ್ತೇವೆ.

ತಮ್ಮ ವಿಧೇಯ,
ಹಂಪಣ್ಣ

(ಇದನ್ನು ನನಗೆ ಗಟ್ಟಿಯಾಗಿ ಓದಿ ತೋರಿಸಿದರು, ತಾತಾ. ಯಾವ ಸಾಲೂ ಬಿಡಲಿಲ್ಲ. - ಕಸ್ತೂರಿ)


ಸಿಂಧನೂರು
12 ಜುಲೈ 1956

ಚಿ. ಹಂಪಣ್ಣನವರಿಗೆ ಆದೆಪ್ಪನ ಆಶೀರ್ವಾದ.

ತಮ್ಮ ಕಾಗದವನ್ನು ಸಂಗಮ್ಮ ಓದಿದಳು. ಅಂಗಡಿಯಲ್ಲಿ ಎಲ್ಲರೂ ಕೇಳಿದರು. ನಾನು ನಕ್ಕಷ್ಟು ಬೇರೆ ಯಾರೂ ನಗಲಿಲ್ಲ. ಮೂಡಣದಲ್ಲಿ ನಾನೂ ನೋಡಿದೆ, ದಸ್ತಗೀರ್‌ಸಾಬರ ದುರ್ಬೀನಿನಿಂದಲೇ. ನನ್ನ ಕಣ್ಣಿಗೆ ಬೆಣ್ಣೆಯ ಉಂಡೆಯೇ ಕಂಡಿತು. ಸಂಗಮ್ಮ ಕೋಡು ಇದೆ ಎಂದಳು. ಅವಳ ಮಾತು ಸಾಕು.

ಶುಕ್ರ ಎದುರಿಗಿರುವಾಗ ಕೂಸನ್ನು ಕಳಿಸಬೇಡಿರಿ. ಆಷಾಢ ವರ್ಷ ವರ್ಷವೂ ಬರುತ್ತದೆ.

ಇತಿ,
ಆದೆಪ್ಪ

ಇಲ್ಲಿಂದ ಮುಂದಿನದು ನನ್ನದು, ಅಪ್ಪ ಹೇಳಿ ಬರೆಸಿದ್ದಲ್ಲ. ಕಸ್ತೂರಿ, ಸಿಂಧನೂರಿನಿಂದ ಹೊರಟವರಿಗೆ ಶುಕ್ರ ಈಗ ಬೆನ್ನಿಗಿದ್ದಾನೆ. ಬುಧವಾರದ ಬಸ್ಸಿಗೆ ನಾನೇ ಬರುತ್ತೇನೆ. ಅಪ್ಪ ತಾನೇ ಚೀಟಿ ತೆಗೆಸಿ ಕೊಟ್ಟಿದ್ದಾನೆ. ಬರುವ ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು ಒಂದು ದಿನ ಸಂತೆಕಲ್ಲೂರಿಗೆ ಹೋಗಬೇಕು. ಅಲ್ಲಿಯ ಅಂಗಳದಲ್ಲಿ ಅವರೂ ನಾನೂ ಒಂದು ಬೇವಿನ ಸಸಿ ನೆಟ್ಟಿದ್ದೆವು. ಈಗ ಎಷ್ಟು ಎತ್ತರವಾಗಿದೆಯೋ ನೋಡಬೇಕು. ಮೂರನೆಯ ತಾಟು ಒಂದು ಕೊಂಡಿಡಲು ಹೇಳು.

- ಸಂಗಮ್ಮ